ಆಟದ ಹೊಸ್ತಿಲಲ್ಲಿ ನಿಂತ ತಾಯಿ

ವಿಡಿಯೋ ಗೇಮ್‌ಗಳಲ್ಲಿ ತಾಯಿಯ ಕೆಲಸ ಬಹುಮಟ್ಟಿಗೆ ಆಟ ಶುರುವಾಗುವ ಮುಂಚೆಯೇ ಮುಗಿದಿರುತ್ತದೆ. ಹೆತ್ತಿದ್ದು, ಹಾಲೂಡಿಸಿದ್ದು, ಜ್ವರ ಬಂದಾಗ ಎದ್ದು ಕೂತಿದ್ದು ಎಲ್ಲವೂ ಪರದೆಯ ಆಚೆಗೆ ನಡೆದುಹೋಗಿರುತ್ತದೆ. ಆಡುವವರ ಕೈಗೆ ಬೆಳೆದ ಮಗ ಸಿಗುತ್ತಾನೆ. ಆಮೇಲೆ ತಾಯಿಗೆ ಉಳಿಯುವುದು ಮೂರೇ ಪಾತ್ರ: ಬಾಗಿಲಲ್ಲಿ ನಿಂತು ಕಳಿಸಿಕೊಡುವುದು, ಸತ್ತು ಸೇಡಿಗೆ ಕಾರಣವಾಗುವುದು, ಇಲ್ಲವೇ ಕೊನೆಯ ಹಂತದಲ್ಲಿ ರಾಕ್ಷಸಿಯಾಗಿ ಎದುರಾಗುವುದು. ಜಪಾನ್ ಮತ್ತು ಅಮೆರಿಕದಲ್ಲಿ ರೂಪುಗೊಂಡ ಈ ಮಾದರಿಗಳು ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಪುರಾಣಕ್ಕೂ ಯಕ್ಷಗಾನಕ್ಕೂ ಅಪರಿಚಿತವಲ್ಲ. ಆದರೆ ಇದೇ ಸೀಮೆಯ ಆಚರಣೆಯಲ್ಲಿ, ಇತಿಹಾಸದಲ್ಲಿ ಬೇರೆ ಬಗೆಯ ತಾಯಂದಿರೂ ಇದ್ದಾರೆ. ಗೇಮ್‌ಗಳು ಅವರನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲ.

ಹೆಣ್ಣು ಗೇಮ್‌ಗೆ ಬಂದದ್ದೇ ಬಿಡಿಸಿ ತರಬೇಕಾದ ವಸ್ತುವಾಗಿ. 1981ರ ‘ಡಾಂಕಿ ಕಾಂಗ್’ನಲ್ಲಿ ದೈತ್ಯ ವಾನರನ ಹಿಡಿತದಲ್ಲಿ ಒಬ್ಬ ಹೆಂಗಸು ಮೇಲೆ ನಿಂತು ಕೂಗುತ್ತಾಳೆ, ಕೆಳಗಿನಿಂದ ಗಂಡಸು ಪೀಪಾಯಿಗಳನ್ನು ಹಾರುತ್ತ ಹತ್ತುತ್ತಾನೆ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ನಲ್ಲಿ ಅವಳು ರಾಜಕುಮಾರಿಯಾದಳು, ಕೆಲಸ ಬದಲಾಗಲಿಲ್ಲ. ಇವೆರಡರ ನಡುವೆ, 1982ರಲ್ಲಿ ‘ಮಿಸ್ ಪ್ಯಾಕ್‌ಮ್ಯಾನ್’ ಬಂತು. ಹಳೆಯ ಹಳದಿ ಉಂಡೆಗೆ ತಲೆಗೊಂದು ರಿಬ್ಬನ್, ತುಟಿಗೆ ಬಣ್ಣ, ಕೆನ್ನೆಗೊಂದು ಮಚ್ಚೆ ಇಟ್ಟು ಹೆಣ್ಣು ಮಾಡಿದ ಆಟ ಅದು. ಹಂತಗಳ ನಡುವಿನ ಕಿರುದೃಶ್ಯಗಳಲ್ಲಿ ಗಂಡುಹೆಣ್ಣು ಭೇಟಿಯಾಗುತ್ತಾರೆ, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ, ಕೊನೆಗೆ ಕೊಕ್ಕರೆಯೊಂದು ಗಂಟು ತಂದು ಮಗುವನ್ನು ಇಳಿಸುತ್ತದೆ. ಗೇಮ್‌ಗಳ ಚರಿತ್ರೆಯಲ್ಲಿ ಬಲು ಮುಂಚಿನ ತಾಯ್ತನಗಳಲ್ಲಿ ಒಂದು ಹೀಗೆ ಬಿಡುವಿನ ವೇಳೆಯಲ್ಲಿ, ಆಡುವವರ ಬೆರಳು ಗುಂಡಿಯ ಮೇಲಿಲ್ಲದಾಗ ಸಂಭವಿಸಿತು. ಮುಂದಿನ ದಶಕಗಳ ದಾರಿ ಅಲ್ಲಿಯೇ ಕಾಣುತ್ತದೆ.

ಬಾಗಿಲಲ್ಲಿ ನಿಲ್ಲುವ ತಾಯಿಗೆ ಒಳ್ಳೆಯ ಉದಾಹರಣೆ 1996ರಲ್ಲಿ ಜಪಾನಿನಲ್ಲಿ ಶುರುವಾದ ‘ಪೊಕೆಮಾನ್’. ಹುಡುಗ ಮನೆ ಬಿಟ್ಟು ಊರೂರು ತಿರುಗಲು ಹೊರಡುತ್ತಾನೆ, ಅಮ್ಮ ಒಂದೆರಡು ಮಾತಾಡಿ ಕಳಿಸುತ್ತಾಳೆ. ಮರಳಿ ಬಂದರೆ ಅವನ ಪ್ರಾಣಿಗಳ ದಣಿವು ಆರಿಸುತ್ತಾಳೆ. 1999ರ ‘ಗೋಲ್ಡ್’ ಮತ್ತು ‘ಸಿಲ್ವರ್’ ಆವೃತ್ತಿಗಳಲ್ಲಿ ಅವಳು ಮಗನ ಗಳಿಕೆಯ ಒಂದು ಪಾಲನ್ನು ಉಳಿತಾಯ ಮಾಡಿಡುತ್ತಾಳೆ, ಆಗಾಗ ಅದರಲ್ಲೇ ಏನಾದರೂ ಕೊಂಡೂ ಬಿಡುತ್ತಾಳೆ. ಇದಕ್ಕಿಂತ ಸೂಕ್ಷ್ಮವಾದದ್ದು ಶಿಗೆಸಾತೊ ಇಟೋಯಿ ಬರೆದ ‘ಮದರ್’ ಸರಣಿ. ಅದರ ಎರಡನೆಯ ಆಟದಲ್ಲಿ (1994) ತಂದೆ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಫೋನಿನಲ್ಲಿ ಮಾತಾಡಿ ಬ್ಯಾಂಕಿಗೆ ದುಡ್ಡು ಹಾಕುತ್ತಾನೆ. ಊರು ಬಿಟ್ಟ ಹುಡುಗನಿಗೆ ಮನೆಯ ನೆನಪು ಕಾಡತೊಡಗಿದರೆ ಹೊಡೆದಾಟದಲ್ಲಿ ಕೈ ಸೋಲುತ್ತದೆ. ಅದಕ್ಕೆ ಮದ್ದು ಅಮ್ಮನಿಗೆ ಫೋನ್ ಮಾಡುವುದು. ದುಡಿಯಲು ಹೊರಗೆ ಹೋದ ಅಪ್ಪ, ಮನೆಯಲ್ಲುಳಿದ ಅಮ್ಮ ಎಂಬ ಹಂಚಿಕೆ ಇಲ್ಲಿಯೂ ಇದೆ. ಆದರೆ ತಾಯಿಯ ದನಿಗೆ ಆಟದ ಲೆಕ್ಕದೊಳಗೆ ಬೆಲೆ ಸಿಕ್ಕಿತು. ಇದೇ ಸರಣಿಯ ಮೊದಲ ಆಟದಲ್ಲಿ (1989) ಕೊನೆಯ ಶತ್ರುವನ್ನು ಆಯುಧದಿಂದ ಗೆಲ್ಲಲಾಗದು. ಅವನನ್ನು ಸಾಕಿದ ಹೆಂಗಸಿನ ಜೋಗುಳವನ್ನು ಊರೂರಿನಿಂದ ತುಣುಕು ತುಣುಕಾಗಿ ಕೂಡಿಸಿ ಹಾಡಬೇಕು. ಜೋಗುಳವೇ ಗೆಲುವಿನ ದಾರಿಯಾದ ಆಟ ಅಪರೂಪ.

ಹೊಸ್ತಿಲಿನ ಈ ದೃಶ್ಯವನ್ನು ಮಲೆನಾಡಿನವರು ರಾತ್ರಿಯಿಡೀ ಕೂತು ನೋಡಿದ್ದಾರೆ. ಮಂದಾರ್ತಿಯಂಥ ಯಕ್ಷಗಾನ ಮೇಳಗಳು ಹರಕೆ ಆಟಕ್ಕೆಂದು ಘಟ್ಟ ಹತ್ತಿ ತೀರ್ಥಹಳ್ಳಿ, ಹೊಸನಗರದ ಊರುಗಳಿಗೆ ಬರುತ್ತವೆ. ‘ಅಭಿಮನ್ಯು ಕಾಳಗ’ ಪ್ರಸಂಗದಲ್ಲಿ ಚಕ್ರವ್ಯೂಹಕ್ಕೆ ಹೊರಟ ಮಗನನ್ನು ಸುಭದ್ರೆ ತಡೆಯುತ್ತಾಳೆ. ಕತೆಯ ಲೆಕ್ಕದಲ್ಲಿ ಅವಳದ್ದೂ ಪೊಕೆಮಾನ್ ಅಮ್ಮನದ್ದೂ ಒಂದೇ ಸ್ಥಾನ: ಮಗ ಹೊರಡಬೇಕು, ಅವಳು ಉಳಿಯಬೇಕು. ಆದರೆ ರಂಗಸ್ಥಳ ಆ ಗಳಿಗೆಯನ್ನು ದಾಟಿ ಮುಂದೋಡುವುದಿಲ್ಲ. ಭಾಗವತರು ಪದ್ಯದ ಮೇಲೆ ಪದ್ಯ ಎತ್ತುತ್ತಾರೆ, ಸುಭದ್ರೆಯ ವೇಷಧಾರಿ ಅರ್ಥ ಹೇಳುತ್ತಾನೆ, ಅಭಿಮನ್ಯು ಉತ್ತರಿಸುತ್ತಾನೆ, ಅವಳು ಮತ್ತೆ ಕೇಳುತ್ತಾಳೆ. ಯುದ್ಧದಷ್ಟೇ ಹೊತ್ತು ಈ ವಾದಕ್ಕೂ ಸಿಗಬಹುದು. ಪಾತ್ರದ ಸ್ಥಾನ ಒಂದೇ ಇದ್ದರೂ ಅದಕ್ಕೆ ಕೊಟ್ಟ ಹೊತ್ತಿನಿಂದ ಬೆಲೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಗೇಮ್‌ಗಳಲ್ಲಿ ಸುಭದ್ರೆಗೆ ಹತ್ತಿರ ಬರುವವಳು 2015ರ ‘ಅಂಡರ್‌ಟೇಲ್’ನ ಟೊರಿಯೆಲ್. ಪಾತಾಳಕ್ಕೆ ಬಿದ್ದ ಮಗುವನ್ನು ಮನೆಗೆ ಕರೆದೊಯ್ದು, ಕಡುಬು ಮಾಡಿಟ್ಟು, ಹೊರಗೆ ಹೋದರೆ ಸಾಯುತ್ತೀಯ ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಆಡುವವರು ಅವಳನ್ನು ಹೊಡೆಯಬಹುದು, ಹೊಡೆಯದೆ ಸೈರಿಸಿ ನಿಂತು ಅವಳ ಮನಸ್ಸನ್ನು ತಿರುಗಿಸಬಹುದು. ಗೇಮ್‌ಗಳ ಅಭ್ಯಾಸ ಬಲಿತವರು ಮೊದಲ ಸಲ ಹೊಡೆದುಬಿಡುತ್ತಾರೆ. ಗುಂಡಿ ಒತ್ತುವುದೇ ಗೆಲುವು ಎಂದು ಅಷ್ಟು ವರ್ಷ ಕಲಿಸಿದ್ದು ಈ ಮಾಧ್ಯಮವೇ ತಾನೆ.

ಸತ್ತ, ಇಲ್ಲವೇ ಅಪಹೃತಳಾದ ತಾಯಿಯದ್ದು ಇನ್ನೂ ದೊಡ್ಡ ಗುಂಪು. 1992ರ ‘ಡ್ರಾಗನ್ ಕ್ವೆಸ್ಟ್ 5’ರಲ್ಲಿ ನಾಯಕನ ತಾಯಿಯನ್ನು ದೈತ್ಯರು ಅಪಹರಿಸಿರುತ್ತಾರೆ, ಅವನು ಮದುವೆಯಾಗಿ ಅವಳಿ ಮಕ್ಕಳಾದ ಮೇಲೆ ಬಾಣಂತಿ ಹೆಂಡತಿಯೂ ಅಪಹೃತಳಾಗಿ ಕಲ್ಲಾಗುತ್ತಾಳೆ. ‘ಮದರ್ 3’ರಲ್ಲಿ (2006) ಕತೆ ಬಿಚ್ಚಿಕೊಳ್ಳುವ ಹೊತ್ತಿಗೇ ತಾಯಿ ಸಾಯುತ್ತಾಳೆ, ಸಂಸಾರ ಚೆದುರುತ್ತದೆ. 2018ರ ‘ಗಾಡ್ ಆಫ್ ವಾರ್’ನ ಇಡೀ ಪಯಣ ತಾಯಿಯ ಚಿತಾಭಸ್ಮವನ್ನು ಬೆಟ್ಟದ ತುದಿಯಿಂದ ಚೆಲ್ಲುವುದಕ್ಕಾಗಿ. ಇದೇ ಸರಣಿಯ ‘ಘೋಸ್ಟ್ ಆಫ್ ಸ್ಪಾರ್ಟಾ’ದಲ್ಲಿ (2010) ನಾಯಕ ಕ್ರೇಟೋಸ್ ತನ್ನ ತಾಯಿಯನ್ನು ತಾನೇ ಕೊಲ್ಲಬೇಕಾಗುತ್ತದೆ. ತಂದೆ ಯಾರೆಂದು ಹೇಳಹೊರಟ ಕ್ಷಣಕ್ಕೆ ಆಕೆ ಮೃಗವಾಗಿ ಮಾರ್ಪಡುತ್ತಾಳೆ.

ತಾಯಿಯನ್ನು ಕೊಂದ ವೀರನ ಕತೆಗೆ ತೀರ್ಥಹಳ್ಳಿಯವರು ದೂರ ಹೋಗಬೇಕಿಲ್ಲ. ಜಮದಗ್ನಿಯ ಮಾತಿಗೆ ರೇಣುಕೆಯ ತಲೆ ಕಡಿದ ಪರಶುರಾಮನ ಕೊಡಲಿಗೆ ಅಂಟಿದ ನೆತ್ತರು ಯಾವ ನದಿಯಲ್ಲಿ ತೊಳೆದರೂ ಹೋಗಲಿಲ್ಲವಂತೆ. ಎಳ್ಳಿನಷ್ಟು ಉಳಿದ ಕಲೆ ಕಡೆಗೆ ತುಂಗೆಯಲ್ಲಿ, ಈಗಿನ ರಾಮೇಶ್ವರ ದೇವಸ್ಥಾನದ ಬಳಿ ಅದ್ದಿದಾಗ ಹೋಯಿತು ಎಂಬುದು ಸ್ಥಳಪುರಾಣ. ಎಳ್ಳಮಾವಾಸ್ಯೆಯ ಜಾತ್ರೆಗೆ ಬಂದವರು ಮೀಯುವುದು ಆ ನಂಬಿಕೆಯಲ್ಲೇ. ಪುರಾಣದಲ್ಲಿ ರೇಣುಕೆ ಸತ್ತೇ ಉಳಿಯುವುದಿಲ್ಲ. ತಂದೆ ಕೊಟ್ಟ ವರದಿಂದ ಮಗ ಅವಳನ್ನು ಬದುಕಿಸಿಕೊಳ್ಳುತ್ತಾನೆ. ಜೀವ ಮರಳಿತು, ಆದರೂ ಕಲೆ ಉಳಿಯಿತು. ಗೇಮ್‌ಗಳಲ್ಲಿ ಸಾಮಾನ್ಯವಾಗಿ ಇದರ ತಿರುಗುಮುರುಗು. ಮಾಡಿದ್ದು ತಪ್ಪಾಯಿತೆನಿಸಿದರೆ ಉಳಿಸಿಟ್ಟ ಜಾಗದಿಂದ ಮತ್ತೆ ಶುರು ಮಾಡಬಹುದು, ಯಾವ ಗುರುತೂ ಇರುವುದಿಲ್ಲ. ‘ಅಂಡರ್‌ಟೇಲ್’ ಇಲ್ಲಿಯೂ ಪ್ರತ್ಯೇಕ. ಟೊರಿಯೆಲ್‌ಳನ್ನು ಕೊಂದು, ಮನಸ್ಸು ಕೇಳದೆ ಆಟವನ್ನು ಹಿಂದಕ್ಕೆ ಒಯ್ದು ಉಳಿಸಿಕೊಂಡವರನ್ನು ಮುಂದೆ ಒಂದು ಹೂವು ಅಣಕಿಸುತ್ತದೆ: ನೀನು ಮೊದಲು ಏನು ಮಾಡಿದ್ದೆಯೆಂದು ನನಗೆ ಗೊತ್ತು ಎನ್ನುತ್ತದೆ. ಮಾತೃಹತ್ಯೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಗೇಮ್‌ಗಳು ಬೆರಳೆಣಿಕೆಯಷ್ಟು.

ರಾಕ್ಷಸಿ ತಾಯಿಯ ವಂಶ 1986ರ ‘ಮೆಟ್ರಾಯ್ಡ್’ನಿಂದ ಸ್ಪಷ್ಟವಾಗುತ್ತದೆ. ಅದರ ಕೊನೆಯ ಶತ್ರುವಿನ ಹೆಸರೇ ‘ಮದರ್ ಬ್ರೈನ್’, ಗಾಜಿನ ತೊಟ್ಟಿಯಲ್ಲಿಟ್ಟ ಮಿದುಳು. ಅವಳನ್ನು ಗೆದ್ದ ಮೇಲೆ ಆಡಿದವರಿಗೆ ಇನ್ನೊಂದು ಅಚ್ಚರಿ ಕಾದಿತ್ತು. ಇಷ್ಟು ಹೊತ್ತು ಲೋಹದ ಕವಚದೊಳಗಿದ್ದ ಸೈನಿಕ ಸೇಮಸ್ ಹೆಂಗಸು! ಬೇಗ ಮುಗಿಸಿದವರಿಗೆ ಅವಳು ಕಡಿಮೆ ಬಟ್ಟೆಯಲ್ಲಿ ಕಾಣಿಸಿಕೊಳ್ಳುತ್ತಿದ್ದಳೆಂಬುದು ಆ ಕಾಲದ ಗ್ರಾಹಕ ಯಾರೆಂದು ತಯಾರಕರು ಎಣಿಸಿದ್ದರೆಂಬುದಕ್ಕೆ ಸಾಕ್ಷಿ. ಮುಂದಿನ ಕಂತುಗಳಲ್ಲಿ ಸೇಮಸ್ ಮೊಟ್ಟೆಯೊಡೆದು ಬಂದ ಜೀವಿಯೊಂದನ್ನು ಕೊಲ್ಲದೆ ಉಳಿಸುತ್ತಾಳೆ (1991), 1994ರ ‘ಸೂಪರ್ ಮೆಟ್ರಾಯ್ಡ್’ನಲ್ಲಿ ಅದು ಅವಳಿಗಾಗಿ ಪ್ರಾಣ ಕೊಡುತ್ತದೆ. ಒಂದೇ ಒಂದು ಮಾತಿಲ್ಲದೆ ನಡೆಯುವ ಆ ದೃಶ್ಯ ಇಂದಿಗೂ ಮೆಚ್ಚುಗೆ ಪಡೆಯುತ್ತದೆ. 2010ರ ‘ಅದರ್ ಎಂ’ ಅದೇ ನಂಟನ್ನು ನೀಳ ಸ್ವಗತಗಳಲ್ಲಿ ಬಿಡಿಸಿ ಹೇಳಲು ಹೋಗಿ, ಧೀರೆಯನ್ನು ಮೇಲಧಿಕಾರಿಯ ಅಪ್ಪಣೆಗೆ ಕಾಯುವವಳನ್ನಾಗಿಸಿ ಟೀಕೆಗೆ ಗುರಿಯಾಯಿತು. ‘ಬಯೋಶಾಕ್ 2’ರಲ್ಲಿ (2010) ಹೆತ್ತ ತಾಯಿ ಖಳನಾಯಕಿ, ಲೋಹದ ಕವಚದ ಸಾಕುತಂದೆ ನಾಯಕ. 2014ರ ‘ಅಮಂಗ್ ದ ಸ್ಲೀಪ್’ ಮಾತ್ರ ರಾಕ್ಷಸಿಯ ಒಳಗನ್ನು ಬಗೆದು ನೋಡಿತು. ಎರಡು ವರ್ಷದ ಕೂಸಿನ ಕಣ್ಣಿಂದ ಆಡುವ ಆಟ ಅದು. ಕತ್ತಲಲ್ಲಿ ಬೆನ್ನಟ್ಟುವ ಆಕೃತಿ ಕುಡಿತಕ್ಕೆ ಸಿಕ್ಕಿದ ಅಮ್ಮನದ್ದೇ.

2010ರಿಂದೀಚೆಗೆ ದೊಡ್ಡ ಬಂಡವಾಳದ ಗೇಮ್‌ಗಳಲ್ಲಿ ತಂದೆತನಕ್ಕೆ ಸುಗ್ಗಿ. ‘ಹೆವಿ ರೇನ್’ (2010), ‘ದ ವಾಕಿಂಗ್ ಡೆಡ್’ (2012), ‘ದ ಲಾಸ್ಟ್ ಆಫ್ ಅಸ್’ (2013), ಮೇಲೆ ಹೇಳಿದ 2018ರ ‘ಗಾಡ್ ಆಫ್ ವಾರ್’ ಎಲ್ಲದರಲ್ಲೂ ನಡುವಯಸ್ಸಿನ ಗಂಡಸು ಒಂದು ಮಗುವನ್ನು ಕಾಯುತ್ತ ಇಲ್ಲವೇ ಹುಡುಕುತ್ತ ನಡೆಯುತ್ತಾನೆ. ಇಪ್ಪತ್ತರ ಹರೆಯದಲ್ಲಿ ಗೇಮ್ ಮಾಡತೊಡಗಿದ ಗಂಡಸರು ನಲವತ್ತಕ್ಕೆ ಬಂದು ಅಪ್ಪಂದಿರಾದದ್ದು ಇದಕ್ಕೆ ಒಂದು ಕಾರಣವೆಂದು ವಿಮರ್ಶಕರು ಹೇಳುತ್ತಾರೆ, ಅದು ಒಪ್ಪಬಹುದಾದ ಮಾತು. ಇನ್ನೊಂದು ಕಾರಣ ಆಟದ ಒಡಲಲ್ಲೇ ಇದೆ. ಕಾಯುವುದೆಂದರೆ ಗುಂಡು ಹಾರಿಸುವುದು ಎಂದಿಟ್ಟುಕೊಂಡರೆ ಹಳೆಯ ಯಂತ್ರವನ್ನು ಬದಲಿಸದೆಯೇ ಅಪ್ಪನನ್ನು ಅದರೊಳಗೆ ಕೂರಿಸಬಹುದು. ಉಣಿಸುವುದು, ಮಲಗಿಸುವುದು ಎಂದಿಟ್ಟುಕೊಂಡರೆ ಯಂತ್ರವನ್ನೇ ಮತ್ತೆ ಕಟ್ಟಬೇಕು. ತಾಯಿಗೂ ತಂದೆಗೂ ಸಮಾನ ಅವಕಾಶ ಕೊಟ್ಟ ‘ಫಾಲ್‌ಔಟ್ 4’ (2015) ಕೂಡ ಗಂಡನಿಗೆ ಸೈನಿಕನ ಹಿನ್ನೆಲೆ ಕೊಟ್ಟು ಹೆಂಡತಿಯನ್ನು ವಕೀಲೆ ಮಾಡಿತು. ಆಮೇಲೆ ಇಬ್ಬರ ಕೈಗೂ ಅದೇ ಬಂದೂಕು. ಕಳೆದುಹೋದ ಹಸುಗೂಸನ್ನು ಹುಡುಕುತ್ತ ಹೊರಟವರು ದಾರಿಯಲ್ಲಿ ಮನೆ ಕಟ್ಟುತ್ತ, ಡಬ್ಬಿ ಆಯುತ್ತ ನೂರಾರು ಗಂಟೆ ಕಳೆದರೂ ಆಟ ಏನೂ ಅನ್ನುವುದಿಲ್ಲ.

ಯಂತ್ರವನ್ನು ಬೇರೆಯಾಗಿ ಕಟ್ಟಿದವರು ಹೆಚ್ಚಾಗಿ ಸಣ್ಣ ತಂಡಗಳವರು. ಸ್ವೀಡನ್ನಿನ ‘ಶೆಲ್ಟರ್’ನಲ್ಲಿ (2013) ಆಡುವವರು ಐದು ಮರಿಗಳ ತಾಯಿ ಬ್ಯಾಜರ್. ಹಸಿದ ಮರಿಯ ಮೈಬಣ್ಣ ಮಾಸುತ್ತದೆ. ಹದ್ದು, ಹೊಳೆ, ಕಾಡ್ಗಿಚ್ಚು ಒಂದೊಂದನ್ನೇ ಕಸಿಯಬಹುದು. ಐದರಲ್ಲಿ ಮೂರು ಉಳಿದರೂ ಕತೆ ಮುಂದೆ ಸಾಗುತ್ತದೆ, ಸೋತಿರಿ ಎಂದು ಯಾರೂ ಬರೆದು ತೋರಿಸುವುದಿಲ್ಲ. ‘ಎಂಡ್ಲಿಂಗ್’ (2022) ಇದನ್ನೇ ಹಾಳಾದ ಕಾಡಿನ ಹೆಣ್ಣುನರಿಗೆ ಅನ್ವಯಿಸಿತು. ತಾಯಿ ಪಾತ್ರಕ್ಕೆ ಪ್ರಾಣಿಗಳೇ ಏಕೆ ಬೇಕಾದವೆಂಬುದು ಕೇಳಬೇಕಾದ ಪ್ರಶ್ನೆ. ಮನುಷ್ಯ ತಾಯಿಯಾದರೆ ಅವಳಿಗೆ ಮಾತು, ಕೆಲಸ, ಬೇಸರ, ಗಂಡನೊಂದಿಗೆ ಜಗಳ ಎಲ್ಲ ಕೊಡಬೇಕಾಗುತ್ತದೆ. ಪ್ರಾಣಿಗೆ ಸಾಕುವುದೊಂದೇ ಸಾಕು. ಆ ಕಷ್ಟದ ಕೆಲಸಕ್ಕೆ ಕೈ ಹಾಕಿದ್ದು ‘ವೆಂಬಾ’ (2023). ಟೊರೊಂಟೊದ ತಂಡ ಮಾಡಿದ ಈ ಆಟದ ನಾಯಕಿ 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಹೆಂಗಸು. ತನ್ನ ತಾಯಿಯ ಹರಿದ ಅಡುಗೆ ಪುಸ್ತಕದಲ್ಲಿ ಅಳಿಸಿಹೋದ ಸಾಲುಗಳನ್ನು ಊಹಿಸುತ್ತ ಇಡ್ಲಿಯಿಂದ ಶುರು ಮಾಡಿ ಒಂದೊಂದೇ ಅಡುಗೆ ಮಾಡಬೇಕು. ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಎಲ್ಲಕ್ಕೂ ತಾಗುತ್ತದೆ ಎಂಬುದೇ ಅಲ್ಲಿನ ಒಗಟು. ನಡುವೆ ಮಗ ಬೆಳೆಯುತ್ತಾನೆ, ಅಮ್ಮನ ಭಾಷೆಗೆ ನಾಚುತ್ತಾನೆ, ದೂರ ಹೋಗುತ್ತಾನೆ. 2006ರ ‘ಕುಕಿಂಗ್ ಮಾಮಾ’ದ ಅಡುಗೆಗೆ ಅಂಕ ಸಿಗುತ್ತಿತ್ತು, ಇಲ್ಲಿನ ಅಡುಗೆಗೆ ಉಣ್ಣುವವನ ಮುಖ ನೋಡಬೇಕು. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ (2020) ತಾಯಿಯ ಜಾಗಕ್ಕೆ ಅಕ್ಕನನ್ನು ತಂದಿತು. ಮಹಾಬಲಾಸುರ ಹೊತ್ತೊಯ್ದ ತಮ್ಮ ಗೋಲುವನ್ನು ಅವಳು ದುರ್ಗೆಯ ಆಯುಧ ಹಿಡಿದು ಹುಡುಕುತ್ತಾಳೆ. ಅಕ್ಕನೇ ಅರ್ಧ ತಾಯಿ ಎಂಬುದು ಇಲ್ಲಿನ ಮನೆಗಳಿಗೆ ಹೊಸದಲ್ಲ. ಆದರೂ ಆಟದ ಹೊತ್ತು ಬಹುಪಾಲು ಹೋಗುವುದು ಕಾದಾಟಕ್ಕೆ.

ಆರೈಕೆಯನ್ನು ಆಟವಾಗಿಸುವ ತೊಡಕು ಎಣಿಕೆಯದ್ದು. ಸಾಯಿಸಿದ್ದನ್ನು ಎಣಿಸಬಹುದು, ಸಾಯದಂತೆ ನೋಡಿಕೊಂಡದ್ದನ್ನು ಹೇಗೆ ಎಣಿಸುವುದು? 2000ದ ‘ಸಿಮ್ಸ್’ ಇದಕ್ಕೆ ಕಂಡುಕೊಂಡ ಉತ್ತರ ಒರಟಾದದ್ದು. ತೊಟ್ಟಿಲ ಕೂಸನ್ನು ಮೂರು ದಿನ ಸರಿಯಾಗಿ ನೋಡಿಕೊಂಡರೆ ಅದು ತಟ್ಟನೆ ಶಾಲೆಗೆ ಹೋಗುವ ಮಗುವಾಗುತ್ತದೆ, ಅಲಕ್ಷಿಸಿದರೆ ಸರ್ಕಾರದವರು ಬಂದು ಒಯ್ಯುತ್ತಾರೆ. ಹಾಗಿದ್ದರೂ ಅಲ್ಲಿ ಅಪ್ಪನೂ ರಾತ್ರಿ ಏಳಬಹುದು, ಅಮ್ಮ ಕೆಲಸಕ್ಕೆ ಹೋಗಬಹುದು. ಲಿಂಗದ ಹಂಚಿಕೆಯನ್ನು ನಿಯಮವಾಗಿಸದ ಮೊದಲ ಜನಪ್ರಿಯ ಗೇಮ್‌ಗಳಲ್ಲಿ ಅದು ಒಂದು. 2016ರಲ್ಲಿ ‘ಸಿಮ್ಸ್ 4’ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಸಿರಾಗುವವರು ಯಾರೆಂಬ ಆಯ್ಕೆಯನ್ನೂ ಆಡುವವರಿಗೇ ಬಿಟ್ಟಿತು.

ಮಳೆಗಾಲದ ಮಲೆನಾಡಿನ ಮನೆಗಳಲ್ಲಿ ಹೆಂಗಸರು, ಮಕ್ಕಳು ಆಡುತ್ತ ಬಂದ ಚೆನ್ನೆಮಣೆಯಲ್ಲಿ ಕಾಯಿ ಕೊಲ್ಲುವ ಮಾತಿಲ್ಲ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಳು. ಒಂದು ಗುಳಿಯದನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗುವುದು. ಹಂಚುವುದರಿಂದಲೇ ಗಳಿಕೆ. ಹಾಗೆಂದು ಇದನ್ನು ಶಾಂತಿಯ ಆಟವೆಂದು ಕೊಂಡಾಡುವ ಹಾಗಿಲ್ಲ. ಘಟ್ಟದ ಕೆಳಗಿನ ತುಳುವರ ಸಿರಿ ಪಾಡ್ದನದಲ್ಲಿ ಸೊನ್ನೆ ಎಂಬಾಕೆ ಹರಕೆ ಹೊತ್ತು ಅವಳಿ ಹೆಣ್ಣುಮಕ್ಕಳನ್ನು ಪಡೆಯುತ್ತಾಳೆ, ಹರಕೆ ತೀರಿಸಲು ಮರೆಯುತ್ತಾಳೆ. ಅಬ್ಬಗ, ದಾರಗ ಎಂಬ ಆ ಮಕ್ಕಳು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಒಬ್ಬಳು ಮಣೆಯಿಂದ ಹೊಡೆದು ಇನ್ನೊಬ್ಬಳನ್ನು ಕೊಲ್ಲುತ್ತಾಳೆ, ತಾನೂ ಸಾಯುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆಯಾಡಬಾರದೆಂಬ ತುಳುನಾಡಿನ ನಿಷೇಧಕ್ಕೆ ಮೂಲ ಇದು. ಜಾನಪದ ವಿದ್ವಾಂಸ ಪೀಟರ್ ಕ್ಲಾಸ್ 1986ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಈ ಆಟದ ಅರ್ಥಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ತಾಯ್ತನ, ಆಟ, ಸಾವು ಮೂರೂ ಒಂದೇ ಮಣೆಯ ಮೇಲೆ ಬಂದ ಕತೆ ಯಾವ ಗೇಮ್ ಕಂಪನಿಗೂ ಮುಂಚಿನದು.

ಎಣಿಕೆಯಿಲ್ಲದ ಆರೈಕೆಗೆ ಸಾಗರ, ಹೊಸನಗರ ಭಾಗದ ದೀವರ ಸಮುದಾಯದ ಭೂಮಿ ಹುಣ್ಣಿಮೆಯನ್ನು ನೋಡಬೇಕು. ದೀಪಾವಳಿಗೆ ಮುಂಚಿನ ಹುಣ್ಣಿಮೆಗೆ ಗದ್ದೆಯ ಪೈರು ಹೊಡೆಯೊಡೆಯುವ ಕಾಲ. ಭೂಮಿ ಬಸುರಿ, ಅವಳಿಗೆ ಬಯಕೆ. ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ, ಇರುಳಿಡೀ ಎದ್ದಿದ್ದು ಬಗೆಬಗೆಯ ಸೊಪ್ಪು, ತರಕಾರಿಗಳ ಅಡುಗೆ ಮಾಡುತ್ತಾರೆ. ಬೆಳಕು ಹರಿಯುವ ಮುಂಚೆ ಈ ಭೂಮಣ್ಣಿ ಬುಟ್ಟಿಯನ್ನು ಗದ್ದೆಗೆ ಹೊತ್ತು ಎಡೆ ಬೀರುವವರು ಗಂಡಸರು. ಹೆಣ್ಣುಗಂಡಿನ ಹಂಚಿಕೆ ಇಲ್ಲಿಯೂ ಗಟ್ಟಿಯಾಗಿಯೇ ಇದೆ, ಹೊಗಳಿಕೆಯಲ್ಲಿ ಅದನ್ನು ಮರೆಯಬಾರದು. ಆದರೆ ಬೇಸಾಯದ ಗೇಮ್‌ಗಳ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ‘ಹಾರ್ವೆಸ್ಟ್ ಮೂನ್’ (1996), ‘ಫಾರ್ಮ್‌ವಿಲ್’ (2009), ‘ಸ್ಟಾರ್‌ಡ್ಯೂ ವ್ಯಾಲಿ’ (2016) ಎಲ್ಲದರಲ್ಲೂ ನೆಲ ಬೀಜ ನುಂಗಿ ಬೆಳೆ ಕೊಡುವ ಚೌಕ. ಅದಕ್ಕೆ ಬಯಕೆ ಇಲ್ಲ.

ಇನ್ನು ವೇಷದ ವಿಚಾರ. ಮಲೆನಾಡಿನ ಹುಡುಗರು ಫೋನಿನಲ್ಲಿ ಆಡಿದ ಪಬ್‌ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ನಿಷೇಧಿಸಿತು, 2021ರ ಜುಲೈನಲ್ಲಿ ಅದು ಬಿಜಿಎಂಐ ಆಗಿ ಮರಳಿತು. ಅದರಲ್ಲಿ ಹೆಣ್ಣು ಕ್ಯಾರೆಕ್ಟರ್ ಆರಿಸಿಕೊಂಡರೆ ಓಟ, ಗುರಿ, ಜೀವ ಯಾವುದೂ ಬದಲಾಗದು. ಲಿಂಗವೆಂಬುದು ತೊಟ್ಟು ಕಳಚುವ ಸ್ಕಿನ್. ಗಂಡಸು ಹೆಣ್ಣುವೇಷ ತೊಡುವುದು ಇಲ್ಲಿ ರೂಢಿಯದ್ದೇ. ಯಕ್ಷಗಾನದ ಸ್ತ್ರೀವೇಷದಲ್ಲಿ ಗರತಿ ಬೇರೆ, ಪ್ರಮೀಳೆ, ಮೀನಾಕ್ಷಿಯರಂಥ ಕಸೆ ಸ್ತ್ರೀವೇಷ ಬೇರೆ, ನಡೆ, ನಿಲುವು, ಮಾತಿನ ವರಸೆ ಎಲ್ಲವೂ ಬೇರೆ. ವೇಷ ಕಟ್ಟಿದವನು ಅದಕ್ಕೆ ತಕ್ಕಂತೆ ಮೈ ಪಳಗಿಸಬೇಕು. ಗೇಮ್ ಆ ಶ್ರಮ ಕೇಳುವುದಿಲ್ಲ. ಎಲ್ಲರನ್ನೂ ಸಮವಾಗಿಸುವುದು ಅದರ ಗುಣ, ಆ ಸಮತೆಯ ಅಚ್ಚು ಸೈನಿಕನದ್ದೇ ಎಂಬುದು ಅದರ ಮಿತಿ.

ಈ ಸೀಮೆಯ ಇತಿಹಾಸ ಕೊಡುವ ತಾಯಿ ಮೂರು ಮಾದರಿಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ 1077ರಲ್ಲಿ ಪಂಚಕೂಟ ಬಸದಿ ಕಟ್ಟಿಸಿದ ಚಟ್ಟಲದೇವಿ ಗಂಡನನ್ನೂ ಮಗನನ್ನೂ ಕಳೆದುಕೊಂಡು, ತೀರಿಹೋದ ತಂಗಿಯ ನಾಲ್ವರು ಗಂಡುಮಕ್ಕಳನ್ನು ತನ್ನವರೆಂದು ಬೆಳೆಸಿದವಳು. ಹೊಂಬುಜದ ಸಾಂತರ ಅರಸರ ಆಳ್ವಿಕೆ ಮುಂದುವರಿದದ್ದು ಆ ಮಕ್ಕಳಿಂದ. ಸಾಗರ ತಾಲ್ಲೂಕಿನ ಕೆಳದಿಯಿಂದ ಬೆಳೆದು ಬಿದನೂರಿನಿಂದ, ಅಂದರೆ ಹೊಸನಗರ ತಾಲ್ಲೂಕಿನ ಈಗಿನ ನಗರ ಎಂಬ ಊರಿನಿಂದ ಆಳಿದ ನಾಯಕರ ಮನೆತನದಲ್ಲಿ ಇಬ್ಬರು ರಾಣಿಯರು ದತ್ತುತಾಯಿಯಾಗಿ ರಾಜ್ಯ ನಡೆಸಿದರು. ಚೆನ್ನಮ್ಮಾಜಿ 17ನೆಯ ಶತಮಾನದ ಕೊನೆಯ ಕಾಲು ಭಾಗ ಆಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದಳು. ಅವಳ ದತ್ತುಪುತ್ರ ಬಸಪ್ಪ ನಾಯಕನೇ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶದ ಕರ್ತೃ. ವೀರಮ್ಮಾಜಿಯದ್ದು ಕಹಿ ಕತೆ. ಮೊದಲ ದತ್ತುಪುತ್ರನ ಸಾವಿನ ಆರೋಪ ಅವಳಿಗಂಟಿತು, ಅದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ಅವಳು ಮಧುಗಿರಿಯ ಸೆರೆಗೆ ಹೋದಳು. ಆಳುವ ಹೆಂಗಸಿನ ಮೇಲೆ ಮೊದಲು ಬೀಳುವ ಅಪವಾದ ಕೆಟ್ಟ ತಾಯಿ ಎಂಬುದೇ. ‘ಮದರ್ ಬ್ರೈನ್’ ಹುಟ್ಟಿಸಿದ ಕಲ್ಪನೆಗೂ ಈ ಅಪವಾದಕ್ಕೂ ನಂಟಿದೆ.

ಇಂಥ ಬದುಕುಗಳನ್ನು ಆಡಿಸಬಲ್ಲ ಯಂತ್ರ ಗೇಮ್‌ಲೋಕದಲ್ಲಿ ಇಲ್ಲವೆಂದಲ್ಲ. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯ ‘ಕ್ರುಸೇಡರ್ ಕಿಂಗ್ಸ್’ ಸರಣಿಯಲ್ಲಿ ಆಡುವುದು ಒಬ್ಬ ವೀರನನ್ನಲ್ಲ, ಒಂದು ವಂಶವನ್ನು. ಮದುವೆ, ಹೆರಿಗೆ, ಮಕ್ಕಳ ಶಿಕ್ಷಣ, ಉತ್ತರಾಧಿಕಾರಗಳೇ ಅಲ್ಲಿನ ನಡೆಗಳು. 2014ರಿಂದ ಅದರ ಭೂಪಟದಲ್ಲಿ ಭಾರತವೂ ಇದೆ. ಮೂರನೆಯ ಆವೃತ್ತಿ (2020) 1066ರಿಂದ ಶುರು ಮಾಡುವ ಅವಕಾಶ ಕೊಡುತ್ತದೆ, ಚಟ್ಟಲದೇವಿಯ ಬಸದಿಗೆ ಹನ್ನೊಂದು ವರ್ಷ ಮುಂಚೆ. ಗಂಡುಮಕ್ಕಳಿಗೆ ಮೊದಲ ಹಕ್ಕೆಂಬುದು ಅಲ್ಲಿನ ಬಹುತೇಕ ರಾಜ್ಯಗಳ ಆರಂಭದ ಕಾನೂನು, ಆಡುತ್ತ ಅದನ್ನು ಬದಲಿಸಬಹುದು. ಆದರೆ ಆಳುತ್ತಿದ್ದ ಪಾತ್ರ ಸತ್ತಾಗ ಆಟ ಹಾಯುವುದು ಅದೇ ವಂಶದ ವಾರಸುದಾರನಿಗೆ. ವಾರಸುದಾರನಿಲ್ಲದಿದ್ದರೆ ಆಟ ಮುಗಿಯಿತು. ಗಂಡನಿಲ್ಲದ, ಹೊಟ್ಟೆಯಲ್ಲಿ ಹುಟ್ಟಿದ ಮಗನಿಲ್ಲದ ಹೆಂಗಸಿನಿಂದಲೇ ಹೊಂಬುಜದಲ್ಲೂ ಬಿದನೂರಿನಲ್ಲೂ ಆಳ್ವಿಕೆಯ ಮುಂದಿನ ಅಧ್ಯಾಯ ಶುರುವಾಗಿತ್ತು.